ಅಲಗಿನ ಹದ, ಸಾಣೆಯ ನೀರು

ನಮ್ಮ ತಾಯಿಯವರು ಮದುವೆಯಾಗಿ ಬರುವಾಗ ತವರಿನಿಂದ ತಂದ ಸಾಮಾನುಗಳಲ್ಲಿ ಈಗ ಉಳಿದಿರುವುದು ಎರಡೇ: ಒಂದು ಹಿತ್ತಾಳೆಯ ಕೊಳಗ, ಇನ್ನೊಂದು ಈಳಿಗೆ ಮಣೆ. ಕೊಳಗ ಅಟ್ಟದ ಮೇಲಿದೆ. ಈಳಿಗೆ ಮಣೆ ಇಂದಿಗೂ ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಮಲಗಿದೆ. ಮಧುಗಿರಿಯ ಕಡೆಯ ಒಂದು ಹಳ್ಳಿಯ ಕುಲುಮೆಯಲ್ಲಿ ಹುಟ್ಟಿದ ಅಲಗು ಅದು. ಮಣೆ ಎರಡು ಸಲ ಬದಲಾಗಿದೆ. ಅಲಗು ಮಾತ್ರ ಹಳೆಯದೇ. ನನ್ನ ಹೆಂಡತಿ ಕೊಂಡು ತಂದ ತುಕ್ಕು ಹಿಡಿಯದ ಚಾಕುಗಳು ನಾಲ್ಕಾರು ಇದ್ದರೂ ಬೂದುಗುಂಬಳ ಹೆಚ್ಚುವುದಕ್ಕೆ, ಹಲಸಿನಕಾಯಿ ಬಿಡಿಸುವುದಕ್ಕೆ ಆಕೆಯೂ ಕಡೆಗೆ ಶರಣು ಹೋಗುವುದು ಈ ಈಳಿಗೆಗೇ.

ಕಳೆದ ವರ್ಷ ಆಯುಧಪೂಜೆಗೆ ಒಂದು ವಾರವಿರುವಾಗ ನನಗೊಂದು ಉತ್ಸಾಹ ಬಂತು. ಮೇಷ್ಟರ ಮನೆಯಲ್ಲಿ ಪೂಜೆಗೆ ಕೂರಿಸುವ ಆಯುಧವೆಂದರೆ ಲೇಖನಿ, ಪುಸ್ತಕ, ಒಂದು ಹಳೆಯ ಸ್ಕೂಟರು, ಮತ್ತು ಈ ಈಳಿಗೆ. ಈಳಿಗೆಯನ್ನಾದರೂ ಹರಿತ ಮಾಡಿಸಿ ಕೂರಿಸೋಣವೆಂದು ಪೇಟೆಯ ಒಂದು ಅಂಗಡಿಗೆ ಕೊಂಡೊಯ್ದೆ. ಹಿಂದೆ ನಮ್ಮ ಬೀದಿಗೆ ಬರುತ್ತಿದ್ದ, ಸೈಕಲ್ಲಿನ ಹಿಂಬದಿಗೆ ಸಾಣೆ ಕಟ್ಟಿಕೊಂಡು ತುಳಿಯುತ್ತಿದ್ದ ಮುದುಕನ ಹಾಗಲ್ಲ ಇದು. ಗುಂಡಿ ಒತ್ತಿದರೆ ವಿದ್ಯುತ್ತಿನಿಂದ ಗಿರ್ರನೆ ತಿರುಗುವ ಚಕ್ರ. ಹುಡುಗನೊಬ್ಬ ಅಲಗನ್ನು ಅದಕ್ಕೆ ಒತ್ತಿ ಹಿಡಿದ. ದೀಪಾವಳಿಯ ಹೂಕುಂಡದಂತೆ ಕಿಡಿಗಳು ಹಾರಿದವು. ಕೈ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತೆ. ಎರಡೇ ನಿಮಿಷ, ಕೆಲಸ ಮುಗಿಯಿತು. ಅಲಗಿನ ತುದಿಯಲ್ಲಿ, ಬಾಯಿಯ ಉದ್ದಕ್ಕೂ, ನವಿಲುಗರಿಯ ಕಣ್ಣಿನಂಥ ನೀಲಿಬಣ್ಣದ ಒಂದು ಗೆರೆ ಮೂಡಿತ್ತು. ಅದರ ಚೆಂದವನ್ನು ನಾನು ಮೆಚ್ಚಿಕೊಂಡೆನೆಂದು ಒಪ್ಪಿಕೊಳ್ಳಲೇಬೇಕು. ಹುಡುಗ ಒಂದು ಚಿಂದಿಯನ್ನು ತೆಗೆದುಕೊಂಡು ಆ ಬಣ್ಣವನ್ನು ತಿಕ್ಕಿ ಅಳಿಸಿ ಕೊಟ್ಟ.

ಮೊದಲ ದಿನ ಈಳಿಗೆ ಗಾಳಿಯನ್ನೂ ಕೊಯ್ಯುವಂತಿತ್ತು. ನಾಲ್ಕನೆಯ ದಿನ ಟೊಮ್ಯಾಟೊ ಹಣ್ಣು ಅದರ ಮೇಲೆ ಹೆಚ್ಚಿಕೊಳ್ಳುವ ಬದಲು ಕಿವುಚಿಕೊಂಡಿತು. ತಾಯಿಯವರು ಹೆಬ್ಬೆರಳಿನಿಂದ ಅಲಗನ್ನು ಅಡ್ಡಕ್ಕೆ ಸವರಿ ನೋಡಿದರು.

“ಎಲ್ಲಿ ಮಾಡಿಸಿದೆಯೋ ಇದನ್ನ?”

ಹೇಳಿದೆ.

“ಹದ ಸುಟ್ಟುಕೊಂಡು ಬಂದಿದ್ದೀಯ” ಎಂದರು. ಮತ್ತೇನೂ ಹೇಳಲಿಲ್ಲ. ಆ ದಿನ ಹುಳಿಗೆ ಟೊಮ್ಯಾಟೊ ಬೀಳಲಿಲ್ಲ.

ಕನ್ನಡ ಕಲಿಸುವವನಾದ ನನಗೆ ಪದಾರ್ಥಕ್ಕಿಂತ ಪದ ಮೊದಲು ಕಚ್ಚುತ್ತದೆ. ಹದ ಎಂಬುದು ಎಂಥ ಮಾತು! ಪಾಕಕ್ಕೆ ಹದ, ಮಣ್ಣಿಗೆ ಹದ, ಬಿತ್ತನೆಗೆ ಹದ, ತೊಗಲಿಗೆ ಹದ, ಮಾತಿಗೂ ಹದ. ಕೂಡಿಸಿದ್ದು ಹೆಚ್ಚಾಗಲೂ ಬಾರದು, ಕಡಮೆಯಾಗಲೂ ಬಾರದು ಎಂಬ ಒಂದು ನಡುಬಿಂದುವಿಗೆ ನಮ್ಮವರು ಇಟ್ಟ ಹೆಸರು ಅದು. ಉಕ್ಕಿಗೆ ಹದ ಎಂದರೇನು, ಅದು ಸುಡುವುದು ಹೇಗೆ, ಇದನ್ನು ಹಿಂದಿನವರು ಹೇಗೆ ಕಾಯ್ದುಕೊಂಡರು ಎಂದು ಕೆದಕುತ್ತ ಹೋದೆ. ಈಳಿಗೆ ಮಣೆಯಿಂದ ಹೊರಟವನು ಸುಶ್ರುತ, ಬುಕಾನನ್, ಫ್ಯಾರಡೆ ಇವರ ಮನೆಗಳನ್ನೆಲ್ಲ ಹೊಕ್ಕು ಬಂದೆ.

ಮೊದಲು ವಿಷಯದ ತಿರುಳನ್ನು ಹೇಳಿಬಿಡುತ್ತೇನೆ. ಉಕ್ಕೆಂದರೆ ಅಲ್ಪಸ್ವಲ್ಪ ಇಂಗಾಲ ಬೆರೆತ ಕಬ್ಬಿಣ. ಅದನ್ನು ಕೆಂಪಗೆ, ಸುಮಾರು 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ ಥಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಇಂಗಾಲದ ಕಣಗಳಿಗೆ ತಮ್ಮ ಜಾಗ ಹುಡುಕಿಕೊಂಡು ಹೋಗುವಷ್ಟು ಹೊತ್ತು ಸಿಗುವುದಿಲ್ಲ. ಬಾಗಿಲು ಮುಚ್ಚಿದ ಬಸ್ಸಿನಲ್ಲಿ ಇಕ್ಕಟ್ಟಾಗಿ ನಿಂತ ಜನರಂತೆ ಇದ್ದಲ್ಲೇ ಸಿಕ್ಕಿಬೀಳುತ್ತವೆ. ಆ ಬಿಗಿತವೇ ಗಡಸು. ಆದರೆ ಅಷ್ಟೊಂದು ಗಡಸಾದ ಉಕ್ಕು ಗಾಜಿನಂತೆ. ಕೆಳಗೆ ಬಿದ್ದರೆ ಒಡೆದೀತು. ಆದುದರಿಂದ ಅದನ್ನು ಮತ್ತೆ ಮೆಲ್ಲಗೆ, 200ರಿಂದ 300 ಡಿಗ್ರಿಯ ಒಳಗೆ, ಬಿಸಿಮಾಡಿ ಬಿಗಿತವನ್ನು ತುಸು ಸಡಿಲಿಸುತ್ತಾರೆ. ಗಡಸು ಸ್ವಲ್ಪ ಹೋಗಿ ಗಟ್ಟಿತನ ಬರುತ್ತದೆ. ಇದೇ ಹದ.

ಈ ಎರಡನೆಯ ಬಿಸಿಯನ್ನು ಅಳೆಯಲು ಕಮ್ಮಾರನ ಹತ್ತಿರ ಉಷ್ಣಮಾಪಕವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಉಜ್ಜಿ ಬೆಳಗಿದ ಉಕ್ಕು ಬಿಸಿಯೇರುತ್ತಿದ್ದಂತೆ ತಾನೇ ಬಣ್ಣದಿಂದ ಹೇಳುತ್ತದೆ. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ತೆಳುಹಳದಿ, ಮುಂದೆ ಹೊಂಬಣ್ಣ, ಕಂದು, ನೇರಳೆ, 300ರ ಹತ್ತಿರ ನೀಲಿ. ಮೇಲೆ ಕಟ್ಟುವ ಆಕ್ಸೈಡಿನ ಪೊರೆ ದಪ್ಪವಾದಂತೆ ಬೆಳಕು ಅದರಲ್ಲಿ ಆಡುವ ಆಟವಿದು, ಸಾಬೂನಿನ ಗುಳ್ಳೆಯ ಮೇಲಿನ ಬಣ್ಣದ ಹಾಗೆ. ಕ್ಷೌರದ ಕತ್ತಿಗೆ ತೆಳುಹಳದಿಯಲ್ಲಿ ನಿಲ್ಲಿಸಬೇಕು. ನೀಲಿಯವರೆಗೆ ಬಿಡುವುದು ಬಾಗಿ ಚಿಮ್ಮಬೇಕಾದ ಸ್ಪ್ರಿಂಗಿಗೆ, ಗರಗಸಕ್ಕೆ. ನಮ್ಮ ಈಳಿಗೆಯ ಬಾಯಿ ನೀಲಿಯಾಯಿತೆಂದರೆ, ಎರಡು ನಿಮಿಷದಲ್ಲಿ ಅದು ತನ್ನ ಜಾತಿ ಬಿಟ್ಟು ಗಡಿಯಾರದ ಸ್ಪ್ರಿಂಗಿನ ಕುಲಕ್ಕೆ ಸೇರಿತು ಎಂದರ್ಥ. ಹುಡುಗ ಅಳಿಸಿದ್ದು ಬಣ್ಣವನ್ನು. ಮೆದುವಾದ ಉಕ್ಕು ಮೆದುವಾಗಿಯೇ ಉಳಿಯಿತು. ಅಲಗಿನ ಬೆನ್ನು ತಣ್ಣಗಿದ್ದರೂ ಬಾಯಿ ಬೇಯಬಹುದು. ಕೂದಲೆಳೆಯಷ್ಟು ತೆಳುವಾದ ಅಂಚಿಗೆ ಬಂದ ಬಿಸಿ ಹರಿದುಹೋಗಲು ದಾರಿಯಿಲ್ಲ. ಒಣಸಾಣೆಯಲ್ಲಿ ಕಲ್ಲೂ ಉಕ್ಕೂ ತಾಗುವ ಕಡೆ ಕ್ಷಣಮಾತ್ರಕ್ಕೆ ನೂರಾರು ಡಿಗ್ರಿ ಉಷ್ಣತೆ ಏರುತ್ತದೆ.

ಇನ್ನು ಹಿಂದಕ್ಕೆ ಹೋಗೋಣ.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶಸ್ತ್ರಗಳ ವಿಚಾರಕ್ಕೇ ಮೀಸಲಾದ ಒಂದು ಅಧ್ಯಾಯವಿದೆ. ಶಸ್ತ್ರವೈದ್ಯನ ಕೈಯಲ್ಲಿ ಮೊಂಡು ಅಲಗೆಂದರೆ ರೋಗಿಯ ಪ್ರಾಣಸಂಕಟ. ಆದುದರಿಂದ ಅಲಗಿನ ವಿಷಯದಲ್ಲಿ ಆ ಗ್ರಂಥದಷ್ಟು ನಿಷ್ಠುರವಾದ ಹಳೆಯ ಪುಸ್ತಕವನ್ನು ನಾನು ಬೇರೆ ನೋಡಿಲ್ಲ. ಸೀಳುವ ಶಸ್ತ್ರದ ಬಾಯಿ ಚನ್ನಂಗಿ ಬೇಳೆಯಷ್ಟು, ಕೆರೆಯುವುದರದು ಅದರ ಅರ್ಧ, ಚುಚ್ಚುವುದರದು ಕೂದಲಷ್ಟು, ಕತ್ತರಿಸುವುದರದು ಅರ್ಧ ಕೂದಲಷ್ಟು ಇರಬೇಕೆಂದು ಅದು ವಿಧಿಸುತ್ತದೆ. ಹದ ಕೊಡುವುದಕ್ಕೆ ಅಲ್ಲಿರುವ ಹೆಸರು ‘ಪಾಯನಾ’, ಎಂದರೆ ಕುಡಿಸುವುದು. ಕಾದ ಉಕ್ಕು ಬಾಯಾರಿದೆ, ಅದಕ್ಕೆ ಕುಡಿಸಬೇಕು! ಕುಡಿಸುವ ಪಾನೀಯ ಮೂರು ಬಗೆ: ಕ್ಷಾರ, ನೀರು, ಎಣ್ಣೆ. ಬಾಣದ ಮೊನೆಯನ್ನೂ ಮೂಳೆಯನ್ನೂ ಕತ್ತರಿಸುವ ಶಸ್ತ್ರಕ್ಕೆ ಕ್ಷಾರ. ಮಾಂಸವನ್ನು ಕೊಯ್ಯುವುದಕ್ಕೆ ನೀರು. ಸಿರೆಯನ್ನು ಚುಚ್ಚುವ, ಸ್ನಾಯುವನ್ನು ಕತ್ತರಿಸುವ ಶಸ್ತ್ರಕ್ಕೆ ಎಣ್ಣೆ. ಉಪ್ಪು, ಕ್ಷಾರ ಬೆರೆತ ನೀರು ಬರಿಯ ನೀರಿಗಿಂತ ಬೇಗ ಉಕ್ಕನ್ನು ತಣಿಸುತ್ತದೆ, ಎಣ್ಣೆ ಇವೆರಡಕ್ಕಿಂತ ನಿಧಾನ ಎಂಬುದನ್ನು ಇಂದಿನ ಲೋಹಶಾಸ್ತ್ರ ಹೇಳುತ್ತದೆ. ಮೂಳೆಗೆ ಹೋಗುವ ಅಲಗಿಗೆ ಎಲ್ಲಕ್ಕಿಂತ ಗಡಸನ್ನೂ, ನೀರಿಗೆ ಬಿದ್ದರೆ ಸೀಳಿಹೋಗಬಹುದಾದ ಸೂಜಿಯಂಥ ಶಸ್ತ್ರಕ್ಕೆ ಎಣ್ಣೆಯ ದಾಕ್ಷಿಣ್ಯವನ್ನೂ ಆತ ಗೊತ್ತುಮಾಡಿದ್ದು ಬರಿಯ ಸಂಪ್ರದಾಯದಿಂದಲ್ಲ, ಕಂಡು ಕಲಿತದ್ದರಿಂದ ಎಂದೇ ನನ್ನ ಎಣಿಕೆ.

ಆ ಅಧ್ಯಾಯದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಇದಕ್ಕಿಂತ ಚಿಕ್ಕದಾದ ಇನ್ನೊಂದು ಮಾತು. ಶಸ್ತ್ರಗಳನ್ನು ಮಸೆಯಲು ಉದ್ದಿನಕಾಳಿನ ಬಣ್ಣದ ನುಣುಪಾದ ಕಲ್ಲು ಬೇಕು. ಮಸೆದ ಬಾಯಿಯನ್ನು ಹಾಗೆಯೇ ನಿಲ್ಲಿಸಿಕೊಳ್ಳಲು ಬೂರುಗದ ಮರದ ಹಲಗೆ ಬೇಕು ಎಂದಿದೆ ಅಲ್ಲಿ. ಕಲ್ಲಿಗೆ ಒಂದು ಕೆಲಸ, ಹಲಗೆಗೆ ಒಂದು ಕೆಲಸ. ಹರಿತ ಮಾಡುವುದು ಬೇರೆ, ಹರಿತವನ್ನು ಕಾಪಾಡುವುದು ಬೇರೆ ಎಂಬ ಈ ಭೇದವನ್ನು ಓದಿದಾಗ ನನಗೆ ನಮ್ಮೂರಿನ ಕ್ಷೌರದಂಗಡಿಯ ಗೋಡೆಗೆ ನೇತುಬಿಟ್ಟಿದ್ದ ಚರ್ಮದ ಪಟ್ಟಿ ನೆನಪಾಯಿತು. ಬಾಲ್ಯದಲ್ಲಿ ಆ ಪಟ್ಟಿಯ ಮೇಲೆ ಕತ್ತಿ ಟಪಟಪನೆ ಹೋಗಿ ಬರುವ ಸದ್ದು ಕೇಳಿದರೇ ನನ್ನ ಕಿವಿ ತಣ್ಣಗಾಗುತ್ತಿತ್ತು. ಆತ ದಿನವೂ ಕಲ್ಲಿಗೆ ಹೋಗುತ್ತಿರಲಿಲ್ಲ. ದಿನವೂ ಪಟ್ಟಿಗೆ ಹೋಗುತ್ತಿದ್ದ. ಮೃದುವಾದ ಹಲಗೆಯಾಗಲಿ ಚರ್ಮವಾಗಲಿ ಉಕ್ಕನ್ನು ತಿನ್ನುವುದು ಅತ್ಯಲ್ಪ. ಮಡಿಚಿದ ಅಂಚನ್ನು ನೆಟ್ಟಗೆ ಮಾಡುತ್ತದೆ. ಬಿಸಿಯ ಮಾತೇ ಇಲ್ಲ. ಸುಶ್ರುತ ಹೇಳಿದ ಪರೀಕ್ಷೆಯೂ ಕ್ಷೌರಿಕನದೇ: ಚೆನ್ನಾಗಿ ಮಸೆದ ಶಸ್ತ್ರ ರೋಮವನ್ನು ಕತ್ತರಿಸಬೇಕು.

ಆರನೆಯ ಶತಮಾನದ ವರಾಹಮಿಹಿರನ ದಾರಿ ಸ್ವಲ್ಪ ಬೇರೆ. ಬೃಹತ್ಸಂಹಿತೆಯ ಖಡ್ಗಲಕ್ಷಣದಲ್ಲಿ ಆತ ಕೊಡುವ ಪಾನಗಳ ಪಟ್ಟಿ ನೋಡಿದರೆ ನಗು ಬರುತ್ತದೆ. ಸಂಪತ್ತು ಬೇಕಾದವನಿಗೆ ಒಂದು, ಗುಣವಂತನಾದ ಮಗ ಬೇಕಾದವನಿಗೆ ತುಪ್ಪ. ಕುದುರೆ, ಒಂಟೆ, ಆನೆಗಳ ಹಾಲು. ಮೀನಿನ ಪಿತ್ತ, ಹೆಂಡ. ಕತ್ತಿಗೆ ಕುಡಿಸುವುದೋ ಕುಡಿದವರು ಹೇಳಿದ್ದೋ ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ. ಆದರೆ ನಕ್ಕು ಪುಟ ತಿರುಗಿಸುವ ಮೊದಲು ಒಂದು ಯೋಗವನ್ನು ಗಮನಿಸಬೇಕು: ಬಾಳೆಯ ಬೂದಿಯ ಕ್ಷಾರವನ್ನು ಮಜ್ಜಿಗೆಯಲ್ಲಿ ಕಲಸಿ ಒಂದು ದಿನ ಇಟ್ಟು, ಅದರಲ್ಲಿ ಕಾದ ಉಕ್ಕನ್ನು ಅದ್ದಿ, ಆಮೇಲೆ ಚೆನ್ನಾಗಿ ಮಸೆದರೆ ಅದು ಕಲ್ಲಿಗೆ ಬಿದ್ದರೂ ಮುರಿಯದು, ಬೇರೆ ಕಬ್ಬಿಣಕ್ಕೆ ತಾಗಿದರೂ ಮೊಂಡಾಗದು ಎಂದಿದ್ದಾನೆ. ಮುರಿಯಬಾರದು, ಮೊಂಡಾಗಲೂ ಬಾರದು—ಹದವೆಂಬ ಮಾತಿನ ಎರಡು ಅಂಚುಗಳೂ ಇಲ್ಲಿವೆ. ಮೊದಲು ಪಾನ, ಅನಂತರ ಸಾಣೆ. ಸಾಣೆಯಾದ ಮೇಲೆ ಬೆಂಕಿಯ ಸುದ್ದಿಯಿಲ್ಲ.

ಈಗ ನನ್ನ ತಾಯಿಯ ತವರಿಗೆ ಬರುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತಷ್ಟೆ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿದ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂದು ಲೆಕ್ಕ ಹಾಕಲು ಬಂದವನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಮಾಗಡಿಯ ಕಡೆಯ, ಮಧುಗಿರಿ–ಚನ್ನರಾಯದುರ್ಗದ ಸೀಮೆಯ ಕಬ್ಬಿಣದ ಒಲೆಗಳ, ಉಕ್ಕಿನ ಕುಲುಮೆಗಳ ವರ್ಣನೆಯಿದೆ. ಮಣ್ಣಿನ ಚಿಕ್ಕ ಮೂಸೆ. ಅದರೊಳಗೆ ಒಂದು ತುಂಡು ಕಬ್ಬಿಣ. ಜೊತೆಗೆ ತಂಗಡಿಯ ಕಡ್ಡಿ, ಒಂದಷ್ಟು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಇಂಥ ಹತ್ತಾರು ಮೂಸೆಗಳನ್ನು ಒಲೆಯಲ್ಲಿ ಕಮಾನಿನಂತೆ ಜೋಡಿಸಿ, ಇದ್ದಿಲು ಸುರಿದು, ತಿದಿಗಳಿಂದ ಗಂಟೆಗಟ್ಟಲೆ ಊದುವುದು. ಒಳಗಿನ ಕಡ್ಡಿಯೂ ಎಲೆಯೂ ಇಂಗಾಲವಾಗಿ ಕಬ್ಬಿಣದೊಳಗೆ ಇಳಿಯುತ್ತದೆ. ಮೂಸೆ ಒಡೆದರೆ ಉಕ್ಕಿನ ಗಟ್ಟಿ. ಈ ಉಕ್ಕು ಕಲ್ಲುಕುಟಿಗರ ಉಳಿಗೆ, ಕತ್ತಿಗೆ ಹೋಗುತ್ತಿತ್ತು. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿ ವಾದ್ಯಗಳಿಗಾಗಿ ದೂರದೂರದ ಊರುಗಳಿಗೆ ಹೋಗುತ್ತಿತ್ತು ಎಂದೂ ಬುಕಾನನ್ ಬರೆದಿದ್ದಾನೆ. ನಮ್ಮ ತಂಗಡಿ ಗಿಡ ಯಾರದೋ ವೀಣೆಯಲ್ಲಿ ನುಡಿದಿತ್ತು ಎಂದ ಹಾಗಾಯಿತು.

ಬುಕಾನನ್ನನಿಗಿಂತ ಮೊದಲೇ ಈ ಬಗೆಯ ಉಕ್ಕು ಲಂಡನ್ ಮುಟ್ಟಿತ್ತು. ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ 1794ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಉಕ್ಕಿನ ಗಟ್ಟಿಗಳನ್ನು ಕಳುಹಿಸಿದ. ಜಾರ್ಜ್ ಪಿಯರ್ಸನ್ ಅವನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧ ಬರೆದ. ಅದರಲ್ಲಿ ಈ ಉಕ್ಕಿನ ಹೆಸರು ‘ವೂಟ್ಸ್’. ಇಂಡಿಯಾದ ಯಾವ ಭಾಷೆಯಲ್ಲೂ ಇಲ್ಲದ ಈ ಪದ ಎಲ್ಲಿಂದ ಬಂತು? 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಇದಕ್ಕೊಂದು ಊಹೆ ಕೊಡುತ್ತದೆ. ಕನ್ನಡದ ‘ಉಕ್ಕು’ ಎಂಬುದನ್ನು ಯಾರೋ ‘ವುಕ್’ ಎಂದು ಬರೆದರು. ಬರೆದದ್ದನ್ನು ಇನ್ನಾರೋ ತಪ್ಪಾಗಿ ಓದಿಕೊಂಡರು. ಆ ತಪ್ಪು ಓದೇ ವೂಟ್ಸ್ ಆಗಿ ವಿಜ್ಞಾನದ ಪುಸ್ತಕಗಳಿಗೆ ಹತ್ತಿತು. ಗುಮಾಸ್ತನ ಒಂದು ಕೈತಪ್ಪಿನಿಂದ ಲೋಕಪ್ರಸಿದ್ಧವಾದ ಕನ್ನಡ ಪದ ಇದೊಂದೇ ಇರಬೇಕು. ಉತ್ತರಪತ್ರಿಕೆ ತಿದ್ದುವಾಗ ವಿದ್ಯಾರ್ಥಿಗಳ ಕಾಗುಣಿತಕ್ಕೆ ರೇಗುವ ನಾನು ಅಂದಿನಿಂದ ಸ್ವಲ್ಪ ತಾಳ್ಮೆ ಕಲಿತಿದ್ದೇನೆ.

ಪಿಯರ್ಸನ್ ಈ ಉಕ್ಕಿನಿಂದ ಒಂದು ಲೇಖನಿಚಾಕು ಮಾಡಿಸಿದ. ಮಾಡಿಕೊಟ್ಟವನು ಜೇಮ್ಸ್ ಸ್ಟೊಡಾರ್ಟ್; ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಕ್ಷೌರದ ಕತ್ತಿ, ಶಸ್ತ್ರವೈದ್ಯರ ಉಪಕರಣ ಮಾಡುತ್ತಿದ್ದವನು. ಆತನಿಗೆ ವೂಟ್ಸ್ ಎಷ್ಟು ಹಿಡಿಸಿತೆಂದರೆ, ಇಂಡಿಯಾದ ಈ ಉಕ್ಕು ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಮೇಲೆಂದು ತನ್ನ ಅಂಗಡಿಯ ಕಾರ್ಡಿನಲ್ಲೇ ಅಚ್ಚುಹಾಕಿಸಿಕೊಂಡ. ಮುಂದೆ ಆತ ಮೈಕೇಲ್ ಫ್ಯಾರಡೆಯ ಜೊತೆಗೂಡಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮೊದಲಾದುವನ್ನು ಬೆರೆಸಿ ಪ್ರಯೋಗ ಮಾಡಿದ. 1820ರಲ್ಲೂ 1822ರಲ್ಲೂ ಇಬ್ಬರ ಹೆಸರಿನಲ್ಲಿ ಪ್ರಬಂಧಗಳು ಬಂದವು. ವಿದ್ಯುತ್ತಿನ ಫ್ಯಾರಡೆಯೇ ಅವನು, ಕಮ್ಮಾರನ ಮಗ. ಅವನು ಕಂಡುಹಿಡಿದ ತತ್ತ್ವದಿಂದಲೇ ತಿರುಗುವ ಮೋಟಾರು ನಮ್ಮ ಮನೆಯ ಉಕ್ಕನ್ನು ಸುಟ್ಟಿತು ಎಂದು ಯೋಚಿಸಿದಾಗ ಯಾರ ಮೇಲೆ ಕೋಪ ಮಾಡಬೇಕೋ ತಿಳಿಯಲಿಲ್ಲ.

ಯೂರೋಪಿನ ಕಮ್ಮಾರರು ವೂಟ್ಸಿನೊಡನೆ ಪಟ್ಟ ಪಾಡೂ ಬಿಸಿಯ ಪಾಡೇ. ಅದರಲ್ಲಿ ಇಂಗಾಲ ಹೆಚ್ಚು. ಒಂದೂಕಾಲು, ಒಂದೂವರೆ ಪಾಲು, ಕೆಲವೊಮ್ಮೆ ಇನ್ನೂ ತುಸು ಮೇಲೆ, ನೂರಕ್ಕೆ. ತಮ್ಮ ಕಬ್ಬಿಣಕ್ಕೆ ಮಾಡುವಂತೆ ಬಿಳಿಗಾವಿಗೆ ಏರಿಸಿ ಸುತ್ತಿಗೆಯಿಟ್ಟರೆ ಅದು ಮೆತ್ತಗಾಗುವ ಬದಲು ಪುಡಿಪುಡಿಯಾಗುತ್ತಿತ್ತು. ಪೂರ್ವದ ಕುಶಲಿಗಳು ಅದನ್ನು ಕೆಂಪು ಕಾವಿನಲ್ಲೇ ತಾಳ್ಮೆಯಿಂದ ಬಡಿಯುತ್ತಿದ್ದರು. ಪರ್ಷಿಯಾದವರೂ ಸಿರಿಯಾದವರೂ ಹೀಗೆ ಮಾಡಿದ, ನೀರಿನ ಅಲೆಯಂಥ ಗೆರೆಗಳುಳ್ಳ ಖಡ್ಗಗಳೇ ದಮಾಸ್ಕಸ್ ಖಡ್ಗಗಳೆಂದು ಹೆಸರಾದುವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಕಲೆ ನಿಂತುಹೋಯಿತು. ಅಗ್ಗದ ಸೀಮೆಯುಕ್ಕು ಬಂದು ನಮ್ಮ ಮೂಸೆಗಳೂ ಒಲೆಗಳೂ ಆರಿದವು. ಕಾಡಿನ ಇದ್ದಿಲಿಗೂ ಕಟ್ಟುಪಾಡು ಬಂತು. ಬುಕಾನನ್ ಕಂಡ ಊರುಗಳಲ್ಲಿ ಈಗ ಕಿಟ್ಟದ ಗುಡ್ಡೆಗಳನ್ನು ಹುಡುಕಿಕೊಂಡು ಹೋಗುವವರು ಸಂಶೋಧಕರು ಮಾತ್ರ.

ಉಕ್ಕು ಮಾಡುವ ಕೆಲಸ ಷೆಫೀಲ್ಡಿಗೆ ಹೋಯಿತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅಲ್ಲಿ ಮೂಸೆಯುಕ್ಕನ್ನು ಮಾಡತೊಡಗಿದ್ದ. ಲೋಕಕ್ಕೆಲ್ಲ ಚಾಕು ಕತ್ತರಿ ಒದಗಿಸಿದ ಆ ಊರಿನಲ್ಲಿ ಸಾಣೆಯೆನ್ನುವುದೇ ಒಂದು ದೊಡ್ಡ ವೃತ್ತಿ. ಹೊಳೆಯ ನೀರಿನಿಂದ, ಆಮೇಲೆ ಉಗಿಯಿಂದ, ತಿರುಗುವ ಆಳೆತ್ತರದ ಮರಳುಗಲ್ಲಿನ ಚಕ್ರ. ಅದರ ಬುಡ ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ. ಕುದುರೆಯೇರಿದಂತೆ ಮರದ ದಿಮ್ಮಿಯ ಮೇಲೆ ಕೂತು ಮುಂದಕ್ಕೆ ಬಾಗಿ ಆಳು ಅಲಗನ್ನು ಒತ್ತುತ್ತಾನೆ. ಊಟದ ಮೇಜಿನ ಚಾಕುಗಳನ್ನು ಹೀಗೆ ಒದ್ದೆಯಾಗಿಯೇ ಸಾಣೆ ಹಿಡಿಯುತ್ತಿದ್ದರು. ಮುಳ್ಳುಚಮಚ, ಸೂಜಿ ಇವುಗಳ ಕೆಲಸ ಒಣಕಲ್ಲಿನ ಮೇಲೆ ನಡೆಯುತ್ತಿತ್ತು. ಒಣಕಲ್ಲಿನ ದೂಳು ಎಲ್ಲಿಗೆ ಹೋಗಬೇಕು? ಆಳಿನ ಎದೆಗೆ. ‘ಸಾಣೆಯವರ ಉಬ್ಬಸ’ವೆಂದೇ ಆ ರೋಗಕ್ಕೆ ಹೆಸರು ಬಿತ್ತು. ಷೆಫೀಲ್ಡಿನ ವೈದ್ಯ ನೈಟ್ ಬರೆದಿಟ್ಟದ್ದನ್ನು ಎತ್ತಿಕೊಂಡು ಎಂಗೆಲ್ಸ್ ತನ್ನ 1845ರ ಪುಸ್ತಕದಲ್ಲಿ ಹೇಳುತ್ತಾನೆ: ಒಣಸಾಣೆಯವರ ಆಯುಸ್ಸು ಸರಾಸರಿ 35 ವರ್ಷವೂ ಕಷ್ಟ, ಒದ್ದೆಸಾಣೆಯವರದು 45ನ್ನು ದಾಟುವುದು ಅಪರೂಪ.

ಈ ಎರಡು ಅಂಕಿಗಳ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ತೊಟ್ಟಿಯ ನೀರನ್ನು ಇಟ್ಟದ್ದು ಅಲಗಿನ ಹದ ಕೆಡಬಾರದೆಂದು. ಆಳಿನ ಎದೆಯನ್ನು ನೆನೆದು ಯಾರೂ ಇಟ್ಟದ್ದಲ್ಲ. ಆದರೂ ಉಕ್ಕಿಗಾಗಿ ಇಟ್ಟ ನೀರು ಮನುಷ್ಯನಿಗೂ ಹತ್ತು ವರ್ಷ ಕೊಟ್ಟಿತು. ನನ್ನ ಈಗಿನ ವಯಸ್ಸು ಆ ಎರಡು ಅಂಕಿಗಳಲ್ಲಿ ಒಂದನ್ನು ದಾಟಿ ಇನ್ನೊಂದರ ಹತ್ತಿರ ಇದೆ.

ಆಮೇಲಿನ ಕಥೆಯನ್ನು ಬೇಗ ಹೇಳುತ್ತೇನೆ. ನಮ್ಮ ದೇಶದ ಸಾಣೆಗಾರರು ಅರಗಿನಲ್ಲಿ ಕುರುಂದದ ಕಲ್ಲಿನ ಪುಡಿಯನ್ನು ಕಲಸಿ ಚಕ್ರ ಮಾಡುತ್ತಿದ್ದರು. ಕೈಯಿಂದ ಹಗ್ಗವೆಳೆದು ತಿರುಗಿಸುವ ಆ ಚಕ್ರದ ವೇಗ ಎಷ್ಟಿದ್ದೀತು? ಮೈಸೂರು, ಸೇಲಂ ಸೀಮೆಗಳಲ್ಲಿ ಸಿಗುತ್ತಿದ್ದ ಆ ಕಲ್ಲಿನ ದ್ರಾವಿಡ ಹೆಸರೇ ಇಂಗ್ಲಿಷಿಗೆ ಹೋಗಿ ‘ಕೊರಂಡಮ್’ ಆಯಿತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ತಿನ ಕುಲುಮೆಯಲ್ಲಿ ಒಂದು ಹೊಸ ಹರಳನ್ನು ಕಂಡು, ಅದು ಇಂಗಾಲವೂ ಕೊರಂಡಮ್ಮೂ ಸೇರಿದ್ದೆಂದು ತಪ್ಪು ತಿಳಿದು ‘ಕಾರ್ಬೊರಂಡಮ್’ ಎಂದು ಹೆಸರಿಟ್ಟ. ಅದು ನಿಜವಾಗಿ ಸಿಲಿಕಾನ್ ಕಾರ್ಬೈಡು. ಹೆಸರಿನ ವಿಷಯದಲ್ಲಿ ಉಕ್ಕಿಗೂ ಸಾಣೆಗಲ್ಲಿಗೂ ಒಂದೇ ಹಣೆಬರಹ ನೋಡಿ! ಈ ಕೃತಕ ಕಲ್ಲೂ ವಿದ್ಯುತ್ ಮೋಟಾರೂ ಕೂಡಿದ ಮೇಲೆ ಚಕ್ರದ ವೇಗಕ್ಕೆ ಮಿತಿಯಿಲ್ಲವಾಯಿತು, ಅಲಗುಗಳು ಬೇಯತೊಡಗಿದವು. ಕಾರ್ಖಾನೆಗಳ ಕೆಲಸವನ್ನು ಗಡಿಯಾರ ಹಿಡಿದು ಅಳೆದ ಫ್ರೆಡರಿಕ್ ಟೇಲರ್ 1906ರಲ್ಲಿ ಲೋಹ ಕಡಿಯುವ ಕಲೆಯನ್ನು ಕುರಿತು ಬರೆದ ದೀರ್ಘ ಪ್ರಬಂಧದಲ್ಲಿ, ಸಾಣೆಯ ಬಿಸಿಗೆ ಹಾಳಾಗುವ ಉಪಕರಣಗಳ ಬಗ್ಗೆ ಎಚ್ಚರಿಸಿ, ಉಪಕರಣದ ಮೂತಿಗೇ ಧಾರಾಳವಾಗಿ ನೀರು ಬೀಳುತ್ತಿರಬೇಕೆಂದು ವಿಧಿಸಿದ. ಕೆಂಪಗೆ ಕಾದರೂ ಗಡಸು ಬಿಡದ ಹೊಸ ಉಕ್ಕನ್ನು ಬಳಕೆಗೆ ತಂದವರಲ್ಲಿ ಅವನೂ ಒಬ್ಬ. ಅಂಥವನಿಗೂ ಸಾಣೆಯ ಭಯವಿತ್ತು. ನಮ್ಮ ಅಡಿಗೆಮನೆಯ ಉಕ್ಕು ಆ ಜಾತಿಯದಲ್ಲ. ಇನ್ನೂರು ಚಿಲ್ಲರೆ ಡಿಗ್ರಿಗೇ ಅದರ ಕಥೆ ಮುಗಿಯಿತು.

ದಸರೆಯ ರಜೆಯಲ್ಲಿ ತಾಯಿಯವರನ್ನು ಕರೆದುಕೊಂಡು ಅವರ ತವರಿಗೆ ಹೋದೆ. ಈಳಿಗೆಯ ಅಲಗನ್ನು ಮಣೆಯಿಂದ ಕಳಚಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ಆ ಅಲಗನ್ನು ಮಾಡಿದ ಆಚಾರಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಮಗನ ಕುಲುಮೆ ಇದೆ. ತಿದಿಯ ಬದಲು ಗಾಳಿಯೂದುವ ಚಿಕ್ಕ ವಿದ್ಯುತ್ ಯಂತ್ರ. ಉಕ್ಕಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ. ಆತ ಅಲಗನ್ನು ಬೆಳಕಿಗೆ ಹಿಡಿದು, ಅರದಿಂದ ಅಂಚಿನಲ್ಲಿ ಒಂದು ಸಲ, ಒಳಗೆ ಬೆರಳಗಲ ಬಿಟ್ಟು ಇನ್ನೊಂದು ಸಲ ಎಳೆದು ನೋಡಿದ. ಅಂಚಿನಲ್ಲಿ ಅರ ಕಚ್ಚಿತು, ಒಳಗೆ ಜಾರಿತು.

“ಮೇಷ್ಟ್ರೇ, ಇದನ್ನ ಮಸೆದಿಲ್ಲ, ಹುರಿದವ್ರೆ” ಎಂದ.

“ಮತ್ತೆ ಹದ ಕೊಡೋಕಾಗುತ್ತಾ ಆಚಾರ್ರೇ?”

“ಕೊಡಬಹುದು. ಆದ್ರೆ ನಮ್ಮಪ್ಪ ಯಾವ ಉಕ್ಕು ಹಾಕಿದ್ನೋ, ಎಷ್ಟು ಕಾವು ತಡೀತದೋ ನಂಗೆ ಗೊತ್ತಿಲ್ಲ. ಹಳೇ ಅಲಗು. ನೀರಿಗೆ ಬಿಟ್ಟಾಗ ಸೀಳಿದ್ರೆ ಸೀಳಿತು.” ಆಮೇಲೆ ತಾಯಿಯವರ ಕಡೆ ತಿರುಗಿ, “ಇಲ್ದಿದ್ರೆ ಸುಟ್ಟಿದ್ದಷ್ಟನ್ನ ತೇದು ತೆಗೀಬೇಕು ಅಮ್ಮಾ. ಅಲಗು ಕಿರಿದಾಗ್ತದೆ. ಏನ್ ಮಾಡ್ಲಿ ಹೇಳಿ” ಎಂದ.

ತಾಯಿಯವರು ಕುಲುಮೆಯ ಬೆಂಕಿಯನ್ನೊಮ್ಮೆ ನೋಡಿದರು. ನನಗೆ ಮತ್ತೆ ಹದ ಕೊಡಿಸಿಯೇ ನೋಡಬೇಕೆಂದು ಆಸೆ; ಓದಿದ್ದೆಲ್ಲ ತಲೆಯಲ್ಲಿ ತುಂಬಿತ್ತಲ್ಲ, ಕ್ಷಾರ, ಎಣ್ಣೆ, ಬಾಳೆಯ ಬೂದಿ, ಮಜ್ಜಿಗೆ. ಬಾಯಿ ತೆರೆಯುವುದರಲ್ಲಿದ್ದೆ.

“ಬೇಡಪ್ಪ. ತೇದೇ ತೆಗಿ” ಎಂದರು. “ನಿಮ್ಮಪ್ಪ ಕೊಟ್ಟ ಹದ ಒಳಗೆ ಉಳಿದಿದೆಯಲ್ಲ, ಅದು ಸಾಕು.”

ಅಂಗಳದ ಬಾವಿಕಟ್ಟೆಯ ಪಕ್ಕದಲ್ಲಿ ಒಂದು ಕಪ್ಪು ಮಸೆಗಲ್ಲಿತ್ತು. ತಲೆಮಾರುಗಳ ಕುಡುಗೋಲು ಮಚ್ಚುಗಳು ತಿಂದು ಅದರ ನಡು ತೊಟ್ಟಿಲಿನಂತೆ ತಗ್ಗಾಗಿತ್ತು. ಆಚಾರಿ ಪಕ್ಕದಲ್ಲಿ ಒಂದು ಬಕೀಟು ನೀರಿಟ್ಟುಕೊಂಡು ಕೂತ. ಎಡಗೈಯಿಂದ ನೀರು ಚಿಮುಕಿಸುತ್ತ, ಬಲಗೈಯಿಂದ ಅಲಗನ್ನು ಓರೆಯಾಗಿ ಹಿಡಿದು ಎಳೆಯುತ್ತ, ಆಗಾಗ ಹೆಬ್ಬೆರಳನ್ನು ಉಕ್ಕಿಗೆ ಒತ್ತಿ ನೋಡುತ್ತಿದ್ದ. ಹರಿತ ನೋಡುತ್ತಿದ್ದಾನೆಂದುಕೊಂಡೆ. ಅಲ್ಲವಂತೆ, ಬೆಚ್ಚಗಾಗಿದೆಯೋ ಎಂದು ನೋಡುತ್ತಿದ್ದ. “ಬೆರಳು ತಡೆಯೋಷ್ಟು ತಣ್ಣಗಿದ್ರೆ ಉಕ್ಕೂ ತಡೀತದೆ” ಎಂದ. ಕಿಡಿಯಿಲ್ಲ, ಗಿರ್ರೆನ್ನುವ ಸದ್ದಿಲ್ಲ. ಬೂದುಬಣ್ಣದ ಕೆಸರು ಕಲ್ಲಿನಿಂದ ಇಳಿದು ನೆಲಕ್ಕೆ ಹೋಗುತ್ತಿತ್ತು. ಒಂದೂವರೆ ಗಂಟೆ ಹಿಡಿಯಿತು. ನಡುವೆ ಎರಡು ಸಲ ಕಾಫಿ ಬಂತು. ಕೊನೆಗೆ ಅರವನ್ನು ಅಂಚಿನ ಮೇಲೆ ಎಳೆದ, ಜಾರಿತು.

ಅಲಗು ಗೋಧಿಕಾಳಿನಷ್ಟು ಅಗಲ ಕಿರಿದಾಗಿದೆ. ಹೊರಡುವಾಗ ಆಚಾರಿ ಅಂಗೈಯಗಲದ ಒಂದು ನುಣ್ಣನೆಯ ಕಲ್ಲನ್ನು ಕೊಟ್ಟು ಕಳುಹಿಸಿದ, ದುಡ್ಡು ಮುಟ್ಟಲಿಲ್ಲ. ಅದರ ಬಣ್ಣ ಉದ್ದಿನಕಾಳಿನದೇ ಎಂದು ಹೇಳಿದರೆ ವಾಚಕರು ನಂಬಲಾರರು, ಆದರೂ ಹೆಚ್ಚುಕಡಮೆ ಹಾಗೆಯೇ ಇದೆ. ಈಗ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹಿತ್ತಿಲಿನ ನಲ್ಲಿಯ ಹತ್ತಿರ ಈಳಿಗೆಯನ್ನು ನಾನೇ ಮಸೆಯುತ್ತೇನೆ. ತಾಯಿಯವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಪತ್ರಿಕೆಯ ಮೇಲೆ ಕಣ್ಣಿದ್ದರೂ ಕಿವಿ ಕಲ್ಲಿನ ಮೇಲೆಯೇ; ಸದ್ದು ತುಸು ಒಣಗಿತೋ ಇಲ್ಲವೋ, “ನೀರು ಹಾಕೋ” ಎನ್ನುತ್ತಾರೆ.